ಓದುಗರ ಪ್ರಶ್ನೆ: ಆಹ್ವಾನ ಪಕ್ಷದ್ದೋ, ಸರ್ಕಾರದ್ದೋ?

ಪ್ರಶ್ನೆ: ಕಾಲೇಜಿನಲ್ಲಿ ಅಣಕು ರಾಜತಾಂತ್ರಿಕ ಭೇಟಿ ಏರ್ಪಡಿಸಿದ್ದೇವೆ. ಎರಡೂ ಸಮಾಜವಾದಿ ಮಿತ್ರ ಸರ್ಕಾರಗಳು. ತಯಾರಿ ಎಲ್ಲಿಂದ ಶುರು ಮಾಡಬೇಕು?
– ರಾಜ್ಯಶಾಸ್ತ್ರ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಹಾರ, ಬಾವುಟ ಆಮೇಲೆ. ಕರೆಯುವುದು ಪಕ್ಷವೋ, ಸರ್ಕಾರವೋ ಎಂಬುದನ್ನು ಮೊದಲು ತೀರ್ಮಾನಿಸಿ. ಇಂಥ ದೇಶಗಳಲ್ಲಿ ಎಲ್ಲರಿಗಿಂತ ಮೇಲಿರುವವರು ಪಕ್ಷದ ಪ್ರಧಾನ ಕಾರ್ಯದರ್ಶಿ. ಅವರೇ ರಾಷ್ಟ್ರಾಧ್ಯಕ್ಷರೂ ಆಗಿರಬೇಕೆಂದೇನಿಲ್ಲ. 1955ರ ಮೇ ತಿಂಗಳಲ್ಲಿ ಸೋವಿಯತ್ ನಿಯೋಗ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋದಾಗ ಮುಂದೆ ನಿಂತು ಮಾತಾಡಿದ್ದು ಪಕ್ಷದ ಮುಖ್ಯಸ್ಥ ಕ್ರುಶ್ಚೇವ್. ಜೂನ್ 2ರ ಜಂಟಿ ಘೋಷಣೆಗೆ ಯುಗೊಸ್ಲಾವಿಯದ ಅಧ್ಯಕ್ಷ ಟಿಟೊ ಜತೆ ಸಹಿ ಹಾಕಿದ್ದು ಮಾತ್ರ ಸೋವಿಯತ್ ಪ್ರಧಾನಿ ಬುಲ್ಗಾನಿನ್. ಇದು ಸರ್ಕಾರಗಳ ನಡುವಿನ ಮಾತು ಎಂದೇ ಯುಗೊಸ್ಲಾವಿಯ ಪಟ್ಟು ಹಿಡಿದಿತ್ತು. ರೂಢಿಯಂತೆ ರಾಷ್ಟ್ರಾಧ್ಯಕ್ಷರಿಗೆ 21 ಕುಶಾಲತೋಪು, ಪ್ರಧಾನಿಗೆ 19. ಪಕ್ಷದ ಹುದ್ದೆ ಮಾತ್ರ ಇರುವವರಿಗೆ ಎಷ್ಟು ಎಂಬುದನ್ನು ಎರಡೂ ಕಡೆಯವರು ಮುಂಚೆಯೇ ಬರೆದಿಟ್ಟುಕೊಳ್ಳಬೇಕು.

ನಿಜವಾದ ಹೆಣಗಾಟ ಜಂಟಿ ಹೇಳಿಕೆಯದು. ನಾಯಕರು ವಿಮಾನ ಹತ್ತುವ ಹೊತ್ತಿಗೆ ಕರಡು ಹತ್ತಾರು ಸಲ ಅತ್ತಿಂದಿತ್ತ ಓಡಾಡಿರಬೇಕು. ಒಪ್ಪಿಗೆಯಾಗದ ಮಾತನ್ನು ಅಳಿಸಬೇಡಿ, ಚೌಕ ಆವರಣದಲ್ಲಿಡಿ. ಬಾಕಿ ಏನೆಂದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಿತ್ರರ ನಡುವೆಯೂ ಜಗ್ಗಾಟ ಏಳುವುದು ಸಾಮಾನ್ಯವಾಗಿ ಮೂರನೇ ದೇಶದ ಹೆಸರು ಬಂದಾಗ. ಸಹಿಗೆ ಎರಡು ಪ್ರತಿ, ಎರಡರಲ್ಲೂ ಎರಡು ಭಾಷೆ. ನಿಮ್ಮಲ್ಲಿ ಉಳಿಯುವ ಪ್ರತಿಯಲ್ಲಿ ನಿಮ್ಮ ದೇಶದ ಹೆಸರು, ಸಹಿ ಮೊದಲು; ಅವರ ಪ್ರತಿಯಲ್ಲಿ ಅವರದು. ಎಡವುವುದು ಇಲ್ಲೇ. ಫೈಲು ಅದಲುಬದಲಾದರೆ ನಾಯಕರು ತಪ್ಪು ಜಾಗದಲ್ಲಿ ಸಹಿ ಹಾಕಿಬಿಡುತ್ತಾರೆ. ಸಹಿಯ ಪುಟಕ್ಕೆ ರಿಬ್ಬನ್ ಇಡಿ. ಇಬ್ಬರ ಪಕ್ಕದಲ್ಲೂ ಒಬ್ಬೊಬ್ಬ ಅಧಿಕಾರಿ ಬ್ಲಾಟಿಂಗ್ ಪೇಪರ್ ಹಿಡಿದು ನಿಂತಿರಲಿ.

ಪ್ರಶ್ನೆ: 2019ರಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಚೀನಾ ಮೂಲಕ ರೈಲಿನಲ್ಲಿ ಬಂದು ವಿಯೆಟ್ನಾಂ ಗಡಿಯಲ್ಲೇ ಇಳಿದರಲ್ಲ, ಗೇಜ್ (ಹಳಿಗಳ ನಡುವಿನ ಅಂತರ) ಬೇರೆ ಎಂದೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಗೇಜ್ ಒಂದೇ ಕಾರಣ ಎನ್ನಲಾಗದು. ವಿಯೆಟ್ನಾಂನಲ್ಲಿ ಹೆಚ್ಚಿನದು ಮೀಟರ್ ಗೇಜ್, ನಿಮ್ಮ ಚಿಕ್ಕಜಾಜೂರು–ಚಿತ್ರದುರ್ಗ ಮಾರ್ಗದಲ್ಲಿ ಹಿಂದೆ ಇದ್ದದ್ದೇ. ಚೀನಾದ್ದು 1,435 ಮಿ.ಮೀ. ಆದರೆ ಗಡಿಯ ಡೊಂಗ್ ಡಾಂಗ್‌ನಿಂದ ಹನೋಯಿಯ ಅಂಚಿನವರೆಗೆ ಮೂರು ಹಳಿ ಹಾಕಿದ್ದಾರೆ, ಎರಡೂ ಬಗೆಯ ಗಾಡಿ ಓಡುತ್ತವೆ. ಕಿಮ್ ಫೆಬ್ರುವರಿ 26ರಂದು ಇಳಿದು ಸುಮಾರು 170 ಕಿ.ಮೀ. ಕಾರಿನಲ್ಲೇ ಹೋದರು, ಅವರಿಗಾಗಿ ಹೆದ್ದಾರಿಯಲ್ಲಿ ವಾಹನ ಸಂಚಾರ ನಿಲ್ಲಿಸಿದ್ದರು.

ರೈಲಿನಲ್ಲಿ ಬರುವ ಅತಿಥಿಗೆ ಬೋಗಿಯ ಬಾಗಿಲು, ಪ್ಲಾಟ್‌ಫಾರಂ ಎತ್ತರ ಎರಡನ್ನೂ ಅಳೆದು ಇಳಿಜಾರು ಹಲಗೆ ಮಾಡಿಸಬೇಕು. ಬಾಗಿಲು ಕೆಂಪು ಹಾಸಿನ ಎದುರಿಗೇ ಬರುವಂತೆ ಎಂಜಿನ್ ನಿಲ್ಲುವ ಜಾಗಕ್ಕೆ ಗುರುತು ಹಾಕಬೇಕು. ಒಂದು ಬೋಗಿ ಹಿಂದುಮುಂದಾದರೂ ಗುರುತು ಕೆಡುತ್ತದೆ. ಹಿಂದಿನ ನಿಲ್ದಾಣದಿಂದಲೇ ಬೋಗಿಗಳ ಕ್ರಮ ಕೇಳಿಕೊಳ್ಳಬೇಕು.