ಡಿಸ್ಕಷನ್ ಕ್ಲಾಸಿನಲ್ಲಿ ಸುಮ್ಮನೆ ಕೂತರೆ ಅದನ್ನು ಯಾರೂ ಮರ್ಯಾದೆ ಅಂದುಕೊಳ್ಳುವುದಿಲ್ಲ

ತಂಗಿ, ನಿನ್ನ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಪಿಯುಸಿ ಮುಗಿಸಿ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬರುತ್ತಿದ್ದೀಯ. ಮೊದಲ ಸೆಮಿಸ್ಟರ್‌ನಲ್ಲೇ ಸೋಷಿಯಲ್ ಸೈಕಾಲಜಿ, ಅಂದರೆ ಸುತ್ತಲಿನ ಜನರಿಂದ ನಮ್ಮ ಯೋಚನೆ, ನಡವಳಿಕೆ ಹೇಗೆ ಬದಲಾಗುತ್ತದೆ ಅನ್ನುವ ವಿಷಯ ತೆಗೆದುಕೊಂಡಿದ್ದೀಯ. ವಾರಕ್ಕೆ ಎರಡು ಲೆಕ್ಚರ್, ಶುಕ್ರವಾರ 50 ನಿಮಿಷದ ಡಿಸ್ಕಷನ್ ಕ್ಲಾಸ್. ಅದರಲ್ಲಿ ಮಾತಾಡಿದ್ದಕ್ಕೇ 100ಕ್ಕೆ 20 ಅಂಕ ಅಂತ ಸಿಲಬಸ್‌ನಲ್ಲಿ ಬರೆದಿದ್ದಾರೆ. "ಅಕ್ಕಾ, ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ, ನನ್ನ ಇಂಗ್ಲಿಷ್ ಅವರಿಗೆ ಅರ್ಥ ಆಗುತ್ತಾ, ಅವರು ನನ್ನಿಂದ ಏನು ನಿರೀಕ್ಷೆ ಮಾಡ್ತಾರೆ" ಅಂತ ಕೇಳಿದ್ದೀಯ.

ನಾನು ನಂಜನಗೂಡಿನವಳು. ಇಲ್ಲಿಗೆ ಬಂದು 18 ವರ್ಷ ಆಯಿತು. ಇದೇ ಕೋರ್ಸನ್ನು ವಿದ್ಯಾರ್ಥಿಯಾಗಿ ಓದಿದ್ದೇನೆ. ಆಮೇಲೆ ಎರಡು ವರ್ಷ ಟಿಎ, ಅಂದರೆ ಟೀಚಿಂಗ್ ಅಸಿಸ್ಟೆಂಟ್ ಆಗಿ ಇಂಥದ್ದೇ ಡಿಸ್ಕಷನ್ ಕ್ಲಾಸ್ ನಡೆಸಿದ್ದೇನೆ. ಹಾಗಾಗಿ ಎರಡೂ ಕಡೆಯ ಕುರ್ಚಿಯಿಂದ ಹೇಳಬಲ್ಲೆ.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಲೆಕ್ಚರ್ ಹಾಲ್‌ನಲ್ಲಿ 300 ಜನ ಇದ್ದರೂ ಆಶ್ಚರ್ಯ ಇಲ್ಲ. ಅಲ್ಲಿ ನೀನು ಬಂದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಡಿಸ್ಕಷನ್ ರೂಮಿನಲ್ಲಿ 20, 25 ಜನ. ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂರುತ್ತಾರೆ, ಹಿಂದಿನ ಬೆಂಚು ಅಂತ ಒಂದು ಇರುವುದೇ ಇಲ್ಲ. ಕ್ಲಾಸ್ ನಡೆಸುವ ಟಿಎ ಸಾಮಾನ್ಯವಾಗಿ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿ. ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಸಾರ್ ಮೇಡಂ ಬೇಡ. ಪ್ರೊಫೆಸರ್‌ಗೆ ಮಾತ್ರ ಹೆಸರಿನ ಮುಂದೆ ಪ್ರೊಫೆಸರ್ ಸೇರಿಸು. ಮಾತಾಡುವಾಗ ಎದ್ದು ನಿಲ್ಲಬೇಡ, ಕೂತೇ ಮಾತಾಡಬೇಕು. ಮೊದಲ ವಾರ ಟಿಎ ನನ್ನ ಹೆಸರು ಕರೆದಾಗ ನಾನು ಅಭ್ಯಾಸಬಲದಿಂದ ಎದ್ದು ನಿಂತೆ. ಎಲ್ಲರೂ ತಲೆ ಎತ್ತಿ ನೋಡಿದರು. ಆಮೇಲೆ ಆರು ವಾರ ನಾನು ತುಟಿ ಬಿಚ್ಚಲಿಲ್ಲ.

ಆ ಆರು ವಾರವೂ ಪಾಠ ಪೂರ್ತಿ ಓದಿಕೊಂಡೇ ಹೋಗುತ್ತಿದ್ದೆ. ಪ್ರತಿ ಪುಟದಲ್ಲೂ ಪೆನ್ಸಿಲ್ ಗೆರೆ. ಯಾರಾದರೂ ಮಾತು ಮುಗಿಸಲಿ ಅಂತ ಕಾಯುತ್ತಿದ್ದೆ. ಆದರೆ ಒಬ್ಬರ ಮಾತಿನ ಬಾಲ ಹಿಡಿದು ಇನ್ನೊಬ್ಬರು ಶುರು ಮಾಡಿಬಿಡುತ್ತಿದ್ದರು. ಮಧ್ಯೆ ಬಾಯಿ ಹಾಕುವುದು ಒರಟುತನ ಅಂತ ನಮ್ಮ ಮನೆಯಲ್ಲಿ ಕಲಿಸಿದ್ದರು. ಏಳನೇ ವಾರ ಟಿಎ ಒಂದು ಹಾಳೆ ಕೊಟ್ಟರು. ನನ್ನ ಬರಹ ಚೆನ್ನಾಗಿದೆ, ಆದರೆ ಕ್ಲಾಸಿನಲ್ಲಿ ನಾನು ಓದಿಕೊಂಡು ಬಂದಿದ್ದೇನೆಯೇ ಅನ್ನುವುದು ಗೊತ್ತಾಗುತ್ತಿಲ್ಲ, ಆಸಕ್ತಿ ಇದ್ದಂತೆ ಕಾಣುವುದಿಲ್ಲ ಅಂತ ಅದರಲ್ಲಿತ್ತು. ಭಾಗವಹಿಸಿದ್ದಕ್ಕೆ 10ಕ್ಕೆ 3. ಅವತ್ತು ರಾತ್ರಿ ಊಟ ಸೇರಲಿಲ್ಲ.

ನೀನು ಕಲಿಯಲಿರುವ ಪಾಠದಲ್ಲೇ ಇದಕ್ಕೊಂದು ಹೆಸರಿದೆ. ಬೇರೆಯವರು ಏನಾದರೂ ಮಾಡಿದರೆ ಅದು ಅವರ ಗುಣ ಅಂತ ತೀರ್ಮಾನಿಸುತ್ತೇವೆ, ಅವರಿದ್ದ ಪರಿಸ್ಥಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಇದನ್ನು ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್ ಅಂತ ಕರೆದರು. ನೀನು ಸುಮ್ನೆ ಕೂತರೆ ಸುತ್ತಲಿನವರಿಗೆ ಕಾಣುವುದು ಆಸಕ್ತಿ ಇಲ್ಲದ ಹುಡುಗಿ. ದೊಡ್ಡವರ ಮುಂದೆ ಮಾತಾಡಬಾರದು ಅಂತ ಬೆಳೆದವಳು ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ತಪ್ಪು ಅವರದು ಅಂತ ಹೇಳಿ ಪ್ರಯೋಜನ ಇಲ್ಲ. ಹೇಳದೆ ಇದ್ದರೆ ತಿಳಿಯುವುದಿಲ್ಲ, ಅಷ್ಟೇ.

ನನ್ನ ಬಾಯಿ ಬಿಡಿಸಿದ್ದು ಮೈಸೂರು. ಒಂಬತ್ತನೇ ವಾರದ ಓದಿಗೆ ಜೋನ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞೆ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕೊಟ್ಟಿದ್ದರು. ಶಿಕಾಗೊ ಜನರನ್ನೂ ಮೈಸೂರಿನ ಹಿಂದೂಗಳನ್ನೂ ಮಾತಾಡಿಸಿ ಹೋಲಿಸಿದ್ದರು, ಮಕ್ಕಳನ್ನೂ ದೊಡ್ಡವರನ್ನೂ. ಎಂಟು ವರ್ಷದ ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಬೆಳೆಯುತ್ತಾ ಹೋದಂತೆ ಅಮೆರಿಕದವರು ಕಾರಣವನ್ನು ಜಾಸ್ತಿ ಜಾಸ್ತಿ ಮನುಷ್ಯನ ಗುಣದಲ್ಲಿ ಹುಡುಕಿದರು, ಮೈಸೂರಿನವರು ಸಂದರ್ಭದಲ್ಲಿ. ಅದರಲ್ಲಿ ಒಂದು ಘಟನೆ ಬರುತ್ತದೆ. ಒಬ್ಬ ವಕೀಲ ಮೋಟಾರ್ ಸೈಕಲ್‌ನಲ್ಲಿ ಕೋರ್ಟಿಗೆ ಹೊರಟಿದ್ದಾನೆ. ಹಿಂದಿನ ಚಕ್ರ ಸಿಡಿದು, ಹಿಂದೆ ಕೂತವನ ತಲೆಗೆ ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ಡಾಕ್ಟರನ್ನು ವಿಚಾರಿಸದೆ ಕೋರ್ಟಿಗೆ ಹೋಗುತ್ತಾನೆ. ಗಾಯಗೊಂಡವನು ಸತ್ತುಹೋಗುತ್ತಾನೆ.

ಕ್ಲಾಸಿನಲ್ಲಿ ಒಬ್ಬರ ನಂತರ ಒಬ್ಬರು "ಬೇಜವಾಬ್ದಾರಿ ಮನುಷ್ಯ", "ದುಡ್ಡಿನ ಆಸೆ" ಅಂದರು. ನನಗೆ ತಡೆಯಲಾಗಲಿಲ್ಲ. ನಮ್ಮ ಮಾವ ಮೈಸೂರಿನಲ್ಲಿ ವಕೀಲರ ಗುಮಾಸ್ತರಾಗಿದ್ದರು. ನಾನು ಕೈ ಎತ್ತಿ ಹೇಳಿದೆ: ಕಕ್ಷಿದಾರ ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದಿರುತ್ತಾನೆ. ವಕೀಲ ಬರದಿದ್ದರೆ ಮುಂದಿನ ತಾರೀಖು ಹಿಡಿದುಕೊಂಡು ವಾಪಸ್ ಹೋಗಬೇಕು. ಅವನಿಗೆ ಮಾತು ಕೊಟ್ಟಿರುವುದೂ ಇದೇ ವಕೀಲನೇ. "ಹಾಗಾದರೆ ಅವನದು ತಪ್ಪಿಲ್ಲವೇ?" ಅಂತ ಟಿಎ ಕೇಳಿದರು. ತಪ್ಪಿದೆ, ಆದರೆ ಅವನು ಕೆಟ್ಟವನು ಅಂತ ಅದರಿಂದ ಹೇಳಲಾಗದು ಅಂದೆ. ಪಕ್ಕದ ಹುಡುಗ ಅದನ್ನು ಬರೆದುಕೊಂಡ. ಆಮೇಲೆ ಹತ್ತು ನಿಮಿಷ ಅದೇ ಚರ್ಚೆ ನಡೆಯಿತು. ನನ್ನ ವ್ಯಾಕರಣ ಎರಡು ಕಡೆ ತಪ್ಪಿತ್ತು, ಯಾರೂ ಅದನ್ನು ಗಮನಿಸಲಿಲ್ಲ.

ನಿರೀಕ್ಷೆ ಅಂದರೆ ಇದೇ. ಸರಿ ಉತ್ತರ ಗೊತ್ತಿದೆ ಅಂತ ತೋರಿಸುವುದು ಬೇಕಿಲ್ಲ. ಓದಿದ್ದನ್ನು ಹಿಡಿದುಕೊಂಡು ನಿನಗೆ ಏನನ್ನಿಸಿತು, ಎಲ್ಲಿ ಒಪ್ಪಿಗೆ ಆಗಲಿಲ್ಲ, ನೀನು ಕಂಡದ್ದಕ್ಕೂ ಅದಕ್ಕೂ ಎಲ್ಲಿ ತಾಳೆ ಬೀಳುತ್ತಿಲ್ಲ, ಅದನ್ನು ಹೇಳಬೇಕು. ಗುರುವಾರ ರಾತ್ರಿಯೇ ಒಂದು ಚೀಟಿಯಲ್ಲಿ ಒಂದು ಪ್ರಶ್ನೆ, ಒಂದು ಉದಾಹರಣೆ ಬರೆದಿಟ್ಟುಕೋ, ಪುಟದ ಸಂಖ್ಯೆ ಸಮೇತ. ಮೊದಲ ಹದಿನೈದು ನಿಮಿಷದೊಳಗೆ ಅದನ್ನು ಹೇಳಿಬಿಡು. ಕಾದಷ್ಟೂ ಗಂಟಲು ಕಟ್ಟುತ್ತದೆ.

ಎಲ್ಲರೂ ಒಂದೇ ಕಡೆ ತಲೆಯಾಡಿಸುತ್ತಿದ್ದಾಗ ನಿನಗೆ ಬೇರೆ ಅನ್ನಿಸಿದರೆ ಆಗಲೂ ಹೇಳು. ಸಾಲಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಮಾಡಿದ ಪ್ರಯೋಗವನ್ನು ಮೊದಲ ತಿಂಗಳಲ್ಲೇ ಓದುತ್ತೀಯ. ಯಾವ ಗೆರೆ ಎಷ್ಟು ಉದ್ದ ಅಂತ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೂ, ಮೊದಲೇ ಹೇಳಿಕೊಟ್ಟಿದ್ದ ಗುಂಪು ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲೊಂದು ಸಲ ಜನ ಗುಂಪಿನ ಹಿಂದೆ ಹೋದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಹಾಗೆ ಹೋಗುವುದು ತೀರಾ ಕಡಿಮೆಯಾಯಿತು. ನೀನು ಬಾಯಿ ಬಿಟ್ಟರೆ ಆ ದುಂಡು ಸಾಲಿನಲ್ಲಿ ಇನ್ನೊಬ್ಬರಿಗೂ ಧೈರ್ಯ ಬರುತ್ತದೆ. ಟಿಎ ಆಗಿದ್ದಾಗ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಪುಸ್ತಕದಲ್ಲಿ ಇರುವುದನ್ನೂ ಪ್ರಶ್ನೆ ಮಾಡಬಹುದು, ಮಾಡಬೇಕು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯನ್ನು 38 ಜನ ನೋಡುತ್ತಾ ಸುಮ್ಮನಿದ್ದರು ಅಂತ ಪತ್ರಿಕೆ ಬರೆಯಿತು, ಪಠ್ಯಪುಸ್ತಕಗಳೂ ಅದನ್ನೇ ಹೇಳುತ್ತಾ ಬಂದವು. ಆಮೇಲೆ ಪರಿಶೀಲಿಸಿದಾಗ ಆ ಕಥೆ ತುಂಬಾ ಉಬ್ಬಿಸಿದ್ದು ಅಂತ ಗೊತ್ತಾಯಿತು. ನೆರೆಮನೆಯ ಹೆಂಗಸೊಬ್ಬಳು ಓಡಿ ಬಂದು ಆಕೆಯನ್ನು ತಬ್ಬಿ ಹಿಡಿದಿದ್ದಳು. "ಇದು ನಮಗೆ ಹೇಗೆ ಗೊತ್ತು?" ಅಂತ ಕೇಳುವ ವಿದ್ಯಾರ್ಥಿ ಅಂದರೆ ಟಿಎಗಳಿಗೆ ಬಹಳ ಇಷ್ಟ.

ಪೂರ್ವಗ್ರಹದ ಅಧ್ಯಾಯ ಬಂದಾಗ ಎಲ್ಲರೂ ನಿನ್ನ ಕಡೆ ತಿರುಗಿ ಜಾತಿ ಬಗ್ಗೆ ಕೇಳಬಹುದು. ಇಡೀ ಭಾರತದ ಪರವಾಗಿ ಉತ್ತರ ಕೊಡುವ ಹೊಣೆ ನಿನ್ನದಲ್ಲ. ನೀನು ನೋಡಿದ್ದು, ನಿನ್ನ ಮನೆಯಲ್ಲಿ ನಡೆದದ್ದು, ಅಷ್ಟನ್ನು ನಿಜವಾಗಿ ಹೇಳು. ಆದರೆ "ಈಗ ಅದೆಲ್ಲ ಇಲ್ಲ" ಅಂತ ಮಾತ್ರ ತೇಲಿಸಬೇಡ. ಅದನ್ನು ಅನುಭವಿಸಿದವರೇ ಅದೇ ರೂಮಿನಲ್ಲಿ ಕೂತಿರಬಹುದು. ಸ್ವಂತ ನೋವನ್ನು ಹೇಳಲೇಬೇಕು ಅಂತಲೂ ಇಲ್ಲ. ಬೇರೆಯವರು ಅಲ್ಲಿ ಹೇಳಿಕೊಂಡದ್ದನ್ನು ಹಾಸ್ಟೆಲ್‌ಗೆ ಹೊತ್ತು ತರಬೇಡ.

ಉಳಿದದ್ದು ಚಿಕ್ಕ ಚಿಕ್ಕದು. ಹಾಜರಾತಿ ನಿಯಮ ಸಿಲಬಸ್‌ನಲ್ಲಿ ಇರುತ್ತದೆ, ಹುಷಾರಿಲ್ಲ ಅಂದರೆ ಕ್ಲಾಸಿಗೆ ಮುಂಚೆಯೇ ಇಮೇಲ್ ಹಾಕು. ಪುಸ್ತಕದ ವಾಕ್ಯವನ್ನು ಎಲ್ಲಿಂದ ಬಂತು ಅಂತ ಹೇಳದೆ ಹಾಗೇ ಬರೆದರೆ ಇಲ್ಲಿ ಅದು ಕಳ್ಳತನ, ಬಾಯಿಪಾಠ ಮಾಡಿ ಬರೆದರೂ ಅಷ್ಟೇ. ಎಐ ಬಳಸಬಹುದೇ ಅನ್ನುವುದು ಒಂದೊಂದು ಕೋರ್ಸಿಗೆ ಒಂದೊಂದು ಥರ, ಕೇಳಿಕೋ. ವಿಭಾಗದ ಸಂಶೋಧನೆಗಳಲ್ಲಿ ಕೆಲವು ಗಂಟೆ ಭಾಗವಹಿಸಬೇಕು ಅಂತ ಹೇಳಬಹುದು. ಇಷ್ಟ ಇಲ್ಲದಿದ್ದರೆ ಬದಲಿಗೆ ಬರೆಯುವ ಕೆಲಸ ಕೊಡುತ್ತಾರೆ. ಪ್ರಯೋಗದ ಮಧ್ಯೆ ಎದ್ದು ಬರುವ ಹಕ್ಕೂ ನಿನಗಿದೆ. ಅಪ್ಪ ಫೋನ್ ಮಾಡಿ ಅಂಕ ಕೇಳಿದರೆ ನಿನ್ನ ಒಪ್ಪಿಗೆ ಇಲ್ಲದೆ ಕಾಲೇಜಿನವರು ಹೇಳುವುದಿಲ್ಲ, 1974ರ ಕಾನೂನು ಹಾಗಿದೆ. ಮನೆಯಲ್ಲಿ ಈಗಲೇ ತಿಳಿಸಿಬಿಡು, ಆಮೇಲೆ ಬೇಜಾರಾಗುತ್ತದೆ.

ಇನ್ನು ಆಫೀಸ್ ಅವರ್ಸ್. ಟಿಎ ವಾರಕ್ಕೆ ಒಂದೆರಡು ಗಂಟೆ ವಿದ್ಯಾರ್ಥಿಗಳಿಗಾಗಿಯೇ ಕಾದು ಕೂತಿರುತ್ತಾರೆ. ನನ್ನ ಹತ್ತಿರ ಎಷ್ಟೋ ವಾರ ಒಬ್ಬರೂ ಬರುತ್ತಿರಲಿಲ್ಲ. ಮೊದಲ ಶುಕ್ರವಾರಕ್ಕೆ ಮುಂಚೆಯೇ ಹೋಗು. ನಿನ್ನ ಹೆಸರನ್ನು ಹೇಗೆ ಕರೆಯಬೇಕು ಅಂತ ನಿಧಾನವಾಗಿ ಎರಡು ಸಲ ಹೇಳಿಕೊಡು, ಅವರಿಗೆ ಸುಲಭ ಆಗಲಿ ಅಂತ ಮೊಟಕು ಮಾಡಬೇಡ. ಗುಂಪಿನಲ್ಲಿ ಮಾತಾಡಿ ಅಭ್ಯಾಸ ಇಲ್ಲ, ಮೊದಲ ಎರಡು ವಾರ ನೀವೇ ನನ್ನ ಹೆಸರು ಕರೆದು ಕೇಳಿ ಅಂತ ಹೇಳು. ಒಳ್ಳೆಯ ಟಿಎ ಖಂಡಿತ ಕರೆಯುತ್ತಾರೆ. ಆಗ ಚೀಟಿ ಕೈಯಲ್ಲಿರಲಿ. ಮೊದಲ ಕ್ಲಾಸ್ ಹೇಗಾಯಿತು ಅಂತ ನನಗೆ ಬರೆ.