ಓದುಗರ ಪ್ರಶ್ನೆ: ಬಡ್ತಿ ಎಂಬ ಶಿಕ್ಷೆ

ಪ್ರಶ್ನೆ: 'ಸ್ಟಾರ್ ಟ್ರೆಕ್: ಲೋವರ್ ಡೆಕ್ಸ್' ಕಾರ್ಟೂನಿನಲ್ಲಿ ಮಾತೇ ಕೇಳದ ಕಿರಿಯ ಅಧಿಕಾರಿ ಮ್ಯಾರಿನರ್‌ಗೆ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಫ್ರೀಮನ್ ಬಡ್ತಿ ಕೊಡುವುದೇಕೆ?

ಉತ್ತರ: ತೊಲಗಿಸಲಿಕ್ಕೆ! ಅದು ಮೊದಲ ಸೀಸನ್ನಿನ 4ನೇ ಕಂತು, 'ಮಾಯಿಸ್ಟ್ ವೆಸೆಲ್' (ಆಗಸ್ಟ್ 2020). ಫ್ರೀಮನ್ ಅವಳ ತಾಯಿ ಕೂಡ. ಮಗಳೇ ಬೇಸತ್ತು ವರ್ಗ ಕೇಳಲಿ ಎಂದು ಮೊದಲು ಹೊಲಸು ಕೆಲಸಗಳನ್ನೇ ಹಚ್ಚುತ್ತಾಳೆ. ಹಾಲೋಡೆಕ್ (ಕೃತಕ ದೃಶ್ಯಲೋಕ ಸೃಷ್ಟಿಸುವ ಕೋಣೆ) ಫಿಲ್ಟರ್ ತೊಳೆಯುವುದರಲ್ಲೂ ಮಗಳು ಮಜಾ ಕಂಡುಕೊಂಡಾಗ ಉಳಿಯುವುದು ಒಂದೇ ಅಸ್ತ್ರ: ಲೆಫ್ಟಿನೆಂಟ್ ಪದವಿ. ಮುಗಿಯದ ಮೀಟಿಂಗು, ಮೇಲಧಿಕಾರಿಗಳ ನೀರಸ ಪೋಕರ್ ಕೂಟ. ತಮಾಷೆ ಇರುವುದು ಮ್ಯಾರಿನರ್‌ಳ ಒದ್ದಾಟದಲ್ಲಿ ಮಾತ್ರವಲ್ಲ. ಬಡ್ತಿಗಾಗಿ ಜೀವ ಬಿಡುವ ಸಹೋದ್ಯೋಗಿ ಬಾಯ್ಮ್ಲರ್ ಪಕ್ಕದಲ್ಲೇ ಉರಿದುಕೊಳ್ಳುತ್ತಾನಲ್ಲ, ಅಲ್ಲಿ. ತಾಯಿ-ಮಗಳು ಸೇರಿ ಹಡಗನ್ನು ಉಳಿಸುತ್ತಾರೆ, ರಾಜಿಯಾಯಿತು ಎನ್ನುವಷ್ಟರಲ್ಲಿ ಮ್ಯಾರಿನರ್ ಅಡ್ಮಿರಲ್ ಒಬ್ಬರ ಉಚ್ಚಾರಣೆಯನ್ನು ಅಣಕಿಸಿ ಹಿಂಬಡ್ತಿ ಗಳಿಸುತ್ತಾಳೆ. 'ಗಳಿಸುತ್ತಾಳೆ' ಎಂದದ್ದು ಬೇಕೆಂದೇ.

ಪ್ರಶ್ನೆ: ಸರಣಿಯ ಅಧಿಕಾರಿಗಳ ಕಾಲರಿನ ಬೊಟ್ಟುಗಳನ್ನು ನೋಡಿ ಹುದ್ದೆ ಗುರುತಿಸುವುದು ಹೇಗೆ?

ಉತ್ತರ: ತುಂಬಿದ ಚಿನ್ನದ ಬೊಟ್ಟು ಪೂರ್ಣ, ಅಂಚು ಮಾತ್ರ ಚಿನ್ನವಿದ್ದು ಒಳಗೆ ಕಪ್ಪಾಗಿರುವುದು ಅರ್ಧ ಎಂದುಕೊಳ್ಳಿ. ಎಲ್ಲಕ್ಕಿಂತ ಕಿರಿಯ ಅಧಿಕಾರಿಯಾದ ಎನ್ಸೈನ್‌ಗೆ 1, ಜೂನಿಯರ್ ಗ್ರೇಡ್ ಲೆಫ್ಟಿನೆಂಟ್‌ಗೆ ಒಂದೂವರೆ, ಲೆಫ್ಟಿನೆಂಟ್‌ಗೆ 2, ಲೆಫ್ಟಿನೆಂಟ್ ಕಮಾಂಡರ್‌ಗೆ ಎರಡೂವರೆ, ಕಮಾಂಡರ್‌ಗೆ 3, ಕ್ಯಾಪ್ಟನ್‌ಗೆ 4. ಮೊಬೈಲ್ ಪರದೆಯಲ್ಲಿ ಆ ಕಪ್ಪು ಬೊಟ್ಟು ಕಾಣುವುದೇ ಇಲ್ಲ. ಜೂನಿಯರ್ ಲೆಫ್ಟಿನೆಂಟನ್ನು ಎನ್ಸೈನ್ ಎಂದುಕೊಂಡು ಹಲವರು ಎಡವುವುದು ಇಲ್ಲೇ. ಹುದ್ದೆಗಳ ಈ ಏಣಿ ಅಮೆರಿಕದ ನೌಕಾಪಡೆಯದು. ನಮ್ಮ ನೌಕಾಪಡೆಯಲ್ಲಿ ಎನ್ಸೈನ್ ಹುದ್ದೆ ಇಲ್ಲ, ಸಬ್-ಲೆಫ್ಟಿನೆಂಟ್ ಇದೆ.

ಪ್ರಶ್ನೆ: ಬಾಯ್ಮ್ಲರ್‌ಗೆ ಎರಡು ಸಲ ಬಡ್ತಿ ಸಿಕ್ಕಿತೇ?

ಉತ್ತರ: ಹೌದು. ಮೊದಲ ಸೀಸನ್ನಿನ ಕೊನೆಗೆ ಬಡ್ತಿ ಪಡೆದು ಕ್ಯಾಪ್ಟನ್ ರೈಕರ್‌ನ 'ಟೈಟನ್' ಹಡಗಿಗೆ ಹೋಗುತ್ತಾನೆ. ಅಲ್ಲಿ ಟ್ರಾನ್ಸ್‌ಪೋರ್ಟರ್ (ಜನರನ್ನು ಕ್ಷಣದಲ್ಲಿ ಬೇರೆಡೆ ಸಾಗಿಸುವ ಯಂತ್ರ) ಎಡವಟ್ಟಿನಿಂದ ಅವನು ಇಬ್ಬರಾಗುತ್ತಾನೆ. ಒಬ್ಬ ಟೈಟನ್‌ನಲ್ಲೇ ಉಳಿಯುತ್ತಾನೆ, ಇನ್ನೊಬ್ಬ ಮತ್ತೆ ಎನ್ಸೈನ್ ಆಗಿ ಫ್ರೀಮನ್‌ಳ ಹಡಗು 'ಸೆರಿಟೋಸ್'ಗೆ ವಾಪಸು. 2023ರ ಸೆಪ್ಟೆಂಬರಿನಲ್ಲಿ ಬಂದ 4ನೇ ಸೀಸನ್ನಿನ ಮೊದಲ ಕಂತು 'ಟೂವಿಕ್ಸ್'ನಲ್ಲಿ ಅವನು, ಮ್ಯಾರಿನರ್, ಗೆಳತಿ ಟೆಂಡಿ ಮೂವರಿಗೂ ಜೂನಿಯರ್ ಗ್ರೇಡ್ ಸಿಗುತ್ತದೆ. ಅವರ ಗೆಳೆಯ ರದರ್‌ಫರ್ಡ್ ಮಾತ್ರ ಹಿಂದುಳಿಯುತ್ತಾನೆ. ಅವನ ಸರದಿ ಮುಂದಿನ ಕಂತಿನಲ್ಲಿ. ಕಾರಣ ಅಸಾಮರ್ಥ್ಯವಲ್ಲ. ಗೆಳೆಯರ ಜೊತೆಗಿರಲೆಂದು ಬಂದ ಬಡ್ತಿಗಳನ್ನೆಲ್ಲ ಹಿಂದೆ ಅವನೇ ಬೇಡವೆಂದಿದ್ದ.

ಪ್ರಶ್ನೆ: ಸರಣಿಯ ಹೆಸರು ಎಲ್ಲಿಯದು?

ಉತ್ತರ: ಹಳೆಯ ಸ್ಟಾರ್ ಟ್ರೆಕ್ ಸರಣಿ 'ದಿ ನೆಕ್ಸ್ಟ್ ಜನರೇಶನ್'ನ 1994ರ ಒಂದು ಕಂತಿನದು. ಅಲ್ಲೂ ಕಿರಿಯ ಅಧಿಕಾರಿಗಳು ಒಂದೇ ಹುದ್ದೆಗೆ ಕಾಯುತ್ತಿರುತ್ತಾರೆ. ಅವರಲ್ಲಿ ಸೀಟೋ ಎಂಬವಳು ಸಾಯುತ್ತಾಳೆ, ಬಡ್ತಿ ಲಾವೆಲ್ ಎಂಬವನಿಗೆ ದಕ್ಕುತ್ತದೆ. ಅದರಲ್ಲಿ ನಗು ಇಲ್ಲ.