ಕೆಂಚನನ್ನು ತೋಟಕ್ಕೆ ಕೊಡಬೇಡಿ, ಕಚ್ಚಿದ್ದನ್ನು ಮುಚ್ಚಿಡಲೂ ಬೇಡಿ

ಅಕ್ಕಾ, ನಿಮ್ಮ ಪೋಸ್ಟ್ ಬೆಳಿಗ್ಗೆಯೇ ಓದಿದೆ. ಕೆಳಗೆ ಬಂದ ಉತ್ತರಗಳನ್ನೂ ನೋಡಿದೆ. ಮುಕ್ಕಾಲು ಜನ "ತೋಟಕ್ಕೆ ಕೊಟ್ಟುಬಿಡಿ, ಆರಾಮಾಗಿ ಓಡಾಡ್ಕೊಂಡಿರುತ್ತೆ" ಅಂದಿದ್ದಾರೆ. ನನ್ನ ಉತ್ತರ ಅದಕ್ಕೆ ಪೂರ್ತಿ ಉಲ್ಟಾ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದಿ.

ಈಗ ಓದುತ್ತಿರುವವರಿಗೆ ವಿಷಯ ಇಷ್ಟು. ಅಕ್ಕ ವಾರದ ಕೊನೆಗೆ ಕೆಲಸಕ್ಕೆ ಹೋಗುವ ಬೆಂಗಳೂರಿನ ಶೆಲ್ಟರ್‌ನಲ್ಲಿ ಕೆಂಚ ಅಂತ ಒಂದು ನಾಟಿ ಗಂಡು ನಾಯಿ ಇದೆ. ಮೂರು ವರ್ಷ ಇರಬಹುದು. ಎರಡು ಮನೆಗೆ ದತ್ತು ಹೋಗಿ ಎರಡು ಸಲವೂ ವಾಪಸ್ ಬಂದಿದೆ. ತಿನ್ನುವಾಗ ಯಾರೂ ಹತ್ತಿರ ಸುಳಿಯುವ ಹಾಗಿಲ್ಲ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಮೈಮೇಲೆ ಬೀಳುವ ಹಾಗೆ ಬೊಗಳುತ್ತದೆ. ಎರಡನೇ ಮನೆಯಲ್ಲಿ ತಟ್ಟೆ ಎತ್ತಲು ಹೋದವರ ಕೈಗೆ ಬಾಯಿ ಹಾಕಿದೆ. ಈಗ ಸಕಲೇಶಪುರದ ಕಡೆಯ ಕಾಫಿ ತೋಟದವರೊಬ್ಬರು "ಕಾವಲಿಗೆ ಇಂಥದ್ದೇ ಬೇಕಿತ್ತು" ಅಂತ ಕೇಳಿದ್ದಾರೆ. ಕೊಡಬಹುದಾ?

ಕೊಡಬೇಡಿ. ತೋಟದವರು ಕೆಟ್ಟವರು ಅಂತಲ್ಲ. ತೋಟ ಅಂದರೆ ನಾವು ಪೇಟೆಯಲ್ಲಿ ಕೂತು ಅಂದುಕೊಳ್ಳುವ ಜಾಗವಲ್ಲ, ಅಷ್ಟೇ. ಕಾವಲು ನಾಯಿ ಅಂದಮೇಲೆ ಹಗಲೆಲ್ಲ ಸರಪಳಿ, ರಾತ್ರಿ ಬಿಡುವುದು. ಹೆದರಿ ಕಚ್ಚುವ ನಾಯಿಯನ್ನು ಕಟ್ಟಿಹಾಕಿದರೆ ಅದಕ್ಕೆ ಓಡಿಹೋಗುವ ದಾರಿಯೂ ಇಲ್ಲ, ಉಳಿಯುವುದು ಹಲ್ಲು ಮಾತ್ರ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ದಿನಾ ಹೊಸ ಆಳುಗಳು, ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಅವರ ಮಕ್ಕಳು. ಅನ್ನದ ತಟ್ಟೆ ಕಾಯುವ ನಾಯಿ ಇರುವ ಅಂಗಳದಲ್ಲಿ ಮೂರು ವರ್ಷದ ಮಗು ಬಿಸ್ಕೆಟ್ ಹಿಡಿದು ಓಡಾಡಿದರೆ ಏನಾಗುತ್ತದೆ ಅಂತ ನಾನು ಬೇರೆ ಬರೆಯಬೇಕಿಲ್ಲ. ಕಚ್ಚಿಸಿಕೊಳ್ಳುವವರು ತೋಟದ ಯಜಮಾನರಲ್ಲ, ಕೂಲಿಗೆ ಬಂದವರು. ಅವರು ಆಸ್ಪತ್ರೆಗೆ ಎಷ್ಟು ದೂರ ಹೋಗಬೇಕು, ಆ ದಿನದ ಕೂಲಿ ಯಾರು ಕೊಡುತ್ತಾರೆ, ಇದನ್ನೂ ಲೆಕ್ಕ ಹಾಕಿ.

ಇನ್ನು ನಾಯಿಯ ಕಡೆಯಿಂದ ನೋಡಿದರೂ ಅಷ್ಟೇ. ಮಲೆನಾಡಿನಲ್ಲಿ ಅಂಗಳಕ್ಕೇ ಬಂದು ನಾಯಿ ಎತ್ತಿಕೊಂಡು ಹೋಗುವುದು ಚಿರತೆಗೆ ಹೊಸದಲ್ಲ. ಕಟ್ಟಿದ ನಾಯಿಯಾದರೆ ಇನ್ನೂ ಸುಲಭ. ಹಂದಿಗೆ ಹಾಕಿದ ಉರುಳಿಗೆ ಸಿಕ್ಕಿ ಸಾಯುವ ನಾಯಿಗಳೂ ಇವೆ. ಸಕಲೇಶಪುರ, ಆಲೂರು ಕಡೆ ಆನೆ ಕಾಟ ಎಲ್ಲರಿಗೂ ಗೊತ್ತಿರುವುದೇ. ಆನೆ ನೋಡಿ ಬೊಗಳಿ, ಅದು ಅಟ್ಟಿಸಿಕೊಂಡು ಬಂದರೆ ನಾಯಿ ಓಡಿಬರುವುದು ತನ್ನ ಮನುಷ್ಯನ ಹತ್ತಿರಕ್ಕೇ. ಪೇಟೆಯಲ್ಲಿ ಹುಟ್ಟಿ ಬೆಳೆದ ಕೆಂಚನಿಗೆ ಇದ್ಯಾವುದೂ ಗೊತ್ತಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ಆ ಕಚ್ಚಿದ ಸಂಗತಿಯನ್ನು ಸರಿಯಾಗಿ ವಿಚಾರಿಸಿ. "ಕಚ್ಚಿದೆ" ಅಂತ ಬರೆದುಕೊಂಡರೆ ಸಾಲದು. ಇಯಾನ್ ಡನ್ಬಾರ್ ಎಂಬ ಪಶುವೈದ್ಯರು ಕಡಿತವನ್ನು 6 ಹಂತವಾಗಿ ವಿಂಗಡಿಸಿದ್ದಾರೆ. ನಾಯಿ ವಿಚಾರದಲ್ಲಿ ಕೆಲಸ ಮಾಡುವ ಬಹಳ ಜನ ಬಳಸುವ ಪಟ್ಟಿ ಅದು. 1 ಅಂದರೆ ಹಲ್ಲು ತಾಗದೆ ಬರೀ ಗಾಳಿಗೆ ಬಾಯಿ ಹಾಕುವುದು. 2 ಅಂದರೆ ಹಲ್ಲು ತಾಗಿದೆ, ಚರ್ಮ ತೂತಾಗಿಲ್ಲ. 3 ಅಂದರೆ ಒಂದೇ ಸಲ ಕಚ್ಚಿ ಬಿಟ್ಟಿದೆ, ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ. 4ಕ್ಕೆ ಬಂದರೆ ಗಾಯ ಅದಕ್ಕಿಂತ ಆಳ, ಕಚ್ಚಿ ಹಿಡಿದುಕೊಂಡಿದೆ ಅಥವಾ ತಲೆ ಕೊಡವಿದೆ ಅಂತ ಅರ್ಥ. 5 ಅಂದರೆ ಮತ್ತೆ ಮತ್ತೆ ಆಳವಾಗಿ ಕಚ್ಚಿದೆ, 6 ಅಂದರೆ ಸಾವು. ಆ ಮನೆಯವರಿಗೆ ನೀವೇ ಫೋನ್ ಮಾಡಿ, ಗಾಯದ ಫೋಟೋ ಇದ್ದರೆ ಕೇಳಿ. ಲಸಿಕೆ ಪೂರ್ತಿ ತೆಗೆದುಕೊಂಡರಾ ಅಂತಲೂ ಕೇಳಿ. ನಾಯಿಗೆ ರೇಬಿಸ್ ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡವರು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಲೇಬೇಕು. ಈ ವಿಷಯದಲ್ಲಿ ಸುಮ್ನೆ ಧೈರ್ಯ ಬೇಡ.

ಕೆಂಚನದ್ದು 2 ಅಥವಾ 3ರ ಒಳಗೆ ಇದ್ದರೆ ಮನೆ ಸಿಗುತ್ತದೆ. 4 ಆಗಿದ್ದರೆ ನಾನು ದತ್ತು ಕೊಡಿ ಅಂತ ಹೇಳುವುದಿಲ್ಲ. ಶೆಲ್ಟರ್‌ನಲ್ಲೇ, ಒಬ್ಬಿಬ್ಬರು ಗೊತ್ತಿರುವವರ ಕೈಯಲ್ಲಿ ಇರಲಿ. ಇದು ಕೇಳಲು ಕಷ್ಟ, ಆದರೆ ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಮನೆಗೆ ಅಪಾಯ ಕಳಿಸುವುದು ತಪ್ಪು.

ಈಗ ತಟ್ಟೆಯ ವಿಚಾರ. ಇದನ್ನು ಹಾಗೇ ಬಿಟ್ಟರೆ ಮೂರನೇ ಮನೆಯಿಂದಲೂ ವಾಪಸ್ ಬರುತ್ತದೆ.

ನಮ್ಮಲ್ಲಿ ಒಂದು ಅಭ್ಯಾಸ ಇದೆ. "ಯಜಮಾನ ಯಾರು ಅಂತ ಗೊತ್ತಾಗ್ಲಿ" ಅಂತ ನಾಯಿ ತಿನ್ನುವಾಗ ತಟ್ಟೆಗೆ ಕೈ ಹಾಕುವುದು, ಅರ್ಧಕ್ಕೆ ಎತ್ತಿಕೊಳ್ಳುವುದು. ನಾಯಿಗೆ ಅದರಿಂದ ಗೊತ್ತಾಗುವುದು ಒಂದೇ: ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ. ಶೆಲ್ಟರ್‌ನಲ್ಲಿ ಅಕ್ಕಪಕ್ಕದಲ್ಲೇ ಬೇರೆ ನಾಯಿಗಳಿರುವಾಗ ಈ ಭಯ ಇನ್ನೂ ಜಾಸ್ತಿ. ಹಾಗಂತ ಶೆಲ್ಟರ್‌ನಲ್ಲಿ ತಟ್ಟೆ ಕಾಯುವ ನಾಯಿ ಮನೆಯಲ್ಲೂ ಹಾಗೇ ಇರಬೇಕು ಎಂದೇನಿಲ್ಲ. ಒಂಟಿಯಾಗಿ, ಒಂದು ಮೂಲೆಯಲ್ಲಿ ತಿನ್ನಲು ಸಿಕ್ಕರೆ ಎಷ್ಟೋ ನಾಯಿಗಳು ತಣ್ಣಗಾಗುತ್ತವೆ.

ನೀವು ಮುಂದಿನ ಸಲ ಹೋದಾಗ ಕೆಂಚನಿಗೆ ಊಟ ಹಾಕಿ, ದೂರ ನಿಂತು ಸುಮ್ಮನೆ ನೋಡಿ. ಗುರ್ ಅನ್ನುವುದು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ತಿನ್ನುವ ವೇಗ ಜಾಸ್ತಿಯಾಗುತ್ತದೆ. ಆಮೇಲೆ ತಿನ್ನುವುದು ನಿಂತು, ತಲೆ ತಟ್ಟೆಯ ಮೇಲೇ ಇರುತ್ತದೆ, ಮೈ ಮಾತ್ರ ಸೆಟೆದು ನಿಲ್ಲುತ್ತದೆ. ಕಣ್ಣು ಓರೆಯಾಗಿ ನಿಮ್ಮ ಕಡೆ ತಿರುಗಿ ಬಿಳಿ ಕಾಣುತ್ತದೆ. ನೀವು ಎಷ್ಟು ಹೆಜ್ಜೆ ದೂರ ಇದ್ದಾಗ ಹೀಗಾಗುತ್ತದೆ ಅಂತ ಗುರುತು ಮಾಡಿಕೊಳ್ಳಿ. ಅದಕ್ಕಿಂತ ಎರಡು ಹೆಜ್ಜೆ ಹಿಂದೆ ನಿಮ್ಮ ಕೆಲಸ ಶುರು.

ಅಲ್ಲಿಂದ ಬೇಯಿಸಿದ ಕೋಳಿ ತುಂಡು ಒಂದನ್ನು ತಟ್ಟೆ ಕಡೆ ಎಸೆದು ತಿರುಗಿ ಹೋಗಿಬಿಡಿ. ಮಾತಿಲ್ಲ, ಸವರುವುದಿಲ್ಲ. ತಟ್ಟೆಯಲ್ಲಿ ಅನ್ನವೋ ಮುದ್ದೆಯೋ ಇರಲಿ, ನೀವು ಎಸೆಯುವುದು ಅದಕ್ಕಿಂತ ರುಚಿಯಾಗಿರಬೇಕು. ಲಿವರ್ ತುಂಡಾದರೂ ಸರಿ. ಮಸಾಲೆ, ಈರುಳ್ಳಿ, ಮೂಳೆ ಬೇಡ. ದಿನಾ ಹೀಗೇ ನಡೆದರೆ ಒಂದು ದಿನ ನೀವು ಬರುವುದನ್ನು ನೋಡಿ ಅವನೇ ತಲೆ ಎತ್ತುತ್ತಾನೆ, ಬಾಲ ಸಡಿಲ ಆಗಿರುತ್ತದೆ. ಆಗ ಅರ್ಧ ಹೆಜ್ಜೆ ಮುಂದೆ. ಮೈ ಸೆಟೆದರೆ ಮತ್ತೆ ಹಿಂದೆ. ವಾರಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಿದರೆ ಮೊದಲಿನ ಜಾಗಕ್ಕೇ ವಾಪಸ್. ಶೆಲ್ಟರ್‌ನಲ್ಲಿ ಊಟ ಹಾಕುವವರೆಲ್ಲ ಇದನ್ನೇ ಮಾಡಬೇಕು. ನೀವು ಭಾನುವಾರ ಕೋಳಿ ಎಸೆದು, ಸೋಮವಾರ ಇನ್ಯಾರೋ ಪೊರಕೆಯಲ್ಲಿ ತಟ್ಟೆ ಎಳೆದರೆ ಎಲ್ಲಾ ನೀರಲ್ಲಿ ಹೋಮ.

ಗುರ್ ಅಂದಿದ್ದಕ್ಕೆ ಬೈಯುವುದು, ಹೊಡೆಯುವುದು ಬೇಡವೇ ಬೇಡ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಆಮೇಲೆ ಎಚ್ಚರಿಕೆ ಕೊಡದೆ ನೇರ ಕಚ್ಚುವ ನಾಯಿ ತಯಾರಾಗುತ್ತದೆ. ಮೇಲೆ ಒಬ್ಬರು ಶಾಕ್ ಕೊಡುವ ಬೆಲ್ಟ್ ಹಾಕಿಸಿ ಅಂದಿದ್ದಾರಲ್ಲ, ಅವರ ಮಾತು ದಯವಿಟ್ಟು ಕೇಳಬೇಡಿ.

ಹೆಲ್ಮೆಟ್ ವಿಷಯವೂ ಇದೇ ದಾರಿ. ಹೆಲ್ಮೆಟ್ ನೆಲದ ಮೇಲೆ ಇಟ್ಟು ಸುತ್ತ ತಿಂಡಿ ಚೆಲ್ಲಿ. ಆಮೇಲೆ ಪರಿಚಯದವರು ಕೈಯಲ್ಲಿ ಹಿಡಿದು ದೂರದಲ್ಲಿ ಹೋಗಲಿ, ಕೊನೆಗೆ ತಲೆಗೆ ಹಾಕಿಕೊಳ್ಳಲಿ. ಜೊತೆಗೆ ಬುಟ್ಟಿ ಮಝಲ್, ಅಂದರೆ ಕಚ್ಚದ ಹಾಗೆ ಮೂತಿಗೆ ಹಾಕುವ ಬುಟ್ಟಿ, ಅಭ್ಯಾಸ ಮಾಡಿಸಿ. ಬಾಯಿ ಬಿಗಿಯಾಗಿ ಕಟ್ಟುವ ಬಟ್ಟೆಯದ್ದಲ್ಲ, ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದು. ಅದರೊಳಗೆ ಸ್ವಲ್ಪ ಮೊಸರು ಸವರಿ, ಅವನೇ ಮೂತಿ ತೂರಿಸಲಿ.

ಇದಕ್ಕೆಲ್ಲ ಮೊದಲು ಒಬ್ಬ ಒಳ್ಳೆಯ ಪಶುವೈದ್ಯರಿಗೆ ತೋರಿಸಬೇಕು. ಕಿವಿ, ಹಲ್ಲು, ಸೊಂಟ, ರಕ್ತಪರೀಕ್ಷೆ. ನೋವಿರುವ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಬೀದಿಯಿಂದ ಬಂದ ನಾಯಿಗಳಲ್ಲಿ ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಒಳಗೊಳಗೇ ಇರುವುದು ಸಾಮಾನ್ಯ. ಭಯ ತುಂಬಾ ಜಾಸ್ತಿ ಇದ್ದರೆ ಅದಕ್ಕೂ ಮಾತ್ರೆ ಇವೆ, ಡಾಕ್ಟರೇ ನೋಡಿ ಬರೆದುಕೊಡಬೇಕು.

ಆಮೇಲೆ ಜಾಹೀರಾತು. ನೀವು ಹಾಕಿದ್ದು ಓದಿದೆ: "ಮುದ್ದಾದ ಕೆಂಚನಿಗೆ ಪ್ರೀತಿಯ ಮನೆ ಬೇಕಾಗಿದೆ." ಅಕ್ಕಾ, ಇದಕ್ಕೆ ಫೋನ್ ಮಾಡುವವರು ಮುದ್ದು ನಾಯಿ ಬೇಕಾದವರು. ಅವರ ಮನೆಯಲ್ಲಿ ಅಜ್ಜಿ, ಇಬ್ಬರು ಮಕ್ಕಳು, ದಿನಾ ಹೆಲ್ಮೆಟ್ ಹಾಕಿದವರು ತರುವ ಹತ್ತು ಪಾರ್ಸೆಲ್. ಎರಡು ಸಲ ವಾಪಸ್ ಬಂದಿದ್ದು ಹೀಗೇ ಅಂತ ನನ್ನ ಅನುಮಾನ. ನೀವು ಪೋಸ್ಟ್‌ನಲ್ಲಿ ಹೇಳಿದ್ದನ್ನೇ ಇಟ್ಟುಕೊಂಡು ನಾನೊಂದು ಬರೆದಿದ್ದೇನೆ, ಬೇಕಾದ ಹಾಗೆ ತಿದ್ದಿಕೊಳ್ಳಿ:

"ಕೆಂಚ, ಗಂಡು, ಸುಮಾರು 3 ವರ್ಷ, ನಾಟಿ. ಮರಿ ಆಗದ ಹಾಗೆ ಮಾಡುವ ಆಪರೇಷನ್, ಲಸಿಕೆ ಆಗಿದೆ. ತಿನ್ನುವಾಗ ಹತ್ತಿರ ಬಂದರೆ ಗುರ್ ಅನ್ನುತ್ತಾನೆ. ಒಮ್ಮೆ ತಟ್ಟೆ ಎತ್ತಲು ಹೋದವರ ಕೈಗೆ ಕಚ್ಚಿದ್ದಾನೆ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಹೆದರಿ ಬೊಗಳುತ್ತಾನೆ. ಪರಿಚಯವಾಗಲು ಸಮಯ ಬೇಕು, ಆದಮೇಲೆ ಕಾಲಿಗೆ ಒರಗಿ ಕೂರುತ್ತಾನೆ. ಬೆಲ್ಟ್ ಹಾಕಿ ನಡೆಸಿದರೆ ಎಳೆಯುವುದಿಲ್ಲ. ಚಿಕ್ಕ ಮಕ್ಕಳಿಲ್ಲದ, ಬೇರೆ ನಾಯಿ ಇಲ್ಲದ, ಗೇಟು ಭದ್ರವಾಗಿರುವ ಮನೆ ಬೇಕು. ಕಾವಲಿಗೆ, ಕಟ್ಟಿಹಾಕಲು ಕೊಡುವುದಿಲ್ಲ."

ಫೋನ್ ಕಡಿಮೆ ಬರುತ್ತವೆ, ನಿಜ. ಆದರೆ ಬಂದ ಫೋನ್ ಕೆಲಸಕ್ಕೆ ಬರುತ್ತದೆ. ಕೆಂಚನಿಗೆ ಬೇಕಿರುವುದು ಒಂದೇ ಮನೆ, ಅಲ್ವಾ?

ಫೋನ್ ಮಾಡಿದವರು "ನಮಗೆ ಕಚ್ಚೋ ನಾಯೇ ಬೇಕು" ಅಂದರೆ ಅಲ್ಲಿಗೇ ಮುಗಿಸಿ. "ಪ್ರೀತಿ ಕೊಟ್ರೆ ಎಲ್ಲಾ ಸರಿಹೋಗುತ್ತೆ" ಅನ್ನುವವರ ಬಗ್ಗೆಯೂ ನನಗೆ ಸ್ವಲ್ಪ ಭಯವೇ. ಅವರು ಮೊದಲ ದಿನವೇ ತಬ್ಬಿಕೊಳ್ಳಲು ಹೋಗುತ್ತಾರೆ. "ಊಟ ಎಲ್ಲಿ ಹಾಕ್ಬೇಕು? ಮನೆಗೆಲಸದವರು ಬಂದಾಗ ಎಲ್ಲಿರಿಸ್ಬೇಕು?" ಅಂತ ಕೇಳುವವರು ಸಿಕ್ಕರೆ ಬಿಡಬೇಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಮನೆ ನೋಡದೆ ಕೊಡಬೇಡಿ, ಮನೆಯವರೆಲ್ಲ ಶೆಲ್ಟರ್‌ಗೆ ಬಂದು ಒಂದಕ್ಕಿಂತ ಜಾಸ್ತಿ ಸಲ ಭೇಟಿ ಮಾಡಲಿ. ಮೊದಲು ಒಂದೆರಡು ತಿಂಗಳು ಫಾಸ್ಟರ್ ಅಂತ, ಅಂದರೆ ತಾತ್ಕಾಲಿಕವಾಗಿ ನೋಡಿಕೊಳ್ಳಲು ಕೊಟ್ಟು, ಸರಿಹೋದರೆ ದತ್ತು ಕಾಗದ ಮಾಡುವುದು ಒಳ್ಳೆಯದು.

ಕಾಗದದಲ್ಲೂ ಕಚ್ಚಿದ ವಿಷಯ ಬರೆದು ಸಹಿ ಹಾಕಿಸಿ. ಇದು ಬರೀ ಶಿಸ್ತಿನ ಮಾತಲ್ಲ. ತನ್ನ ಹತ್ತಿರ ಇರುವ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದ ಹಾಗೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮನೆಗೆ ಕರೆದುಕೊಂಡು ಹೋಗುವವರಿಗೆ ಏನನ್ನು ಒಪ್ಪಿಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು. ಆಗದಿದ್ದರೆ ಶೆಲ್ಟರ್‌ಗೇ ವಾಪಸ್ ತರಬೇಕು ಅನ್ನುವ ಸಾಲು ದಪ್ಪಕ್ಷರದಲ್ಲಿ ಇರಲಿ. ಸಾಕಿದ ನಾಯಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ ಮಾತ್ರ ಇವತ್ತಿಗೂ ಚಿಲ್ಲರೆ ಕಾಸು, ಅದಕ್ಕೆ ಯಾರೂ ಹೆದರುವುದಿಲ್ಲ. ಹಾಗಾಗಿ ವಾಪಸ್ ತಂದವರನ್ನು ಶೆಲ್ಟರ್‌ನವರು ಬೈಯಬಾರದು. ಬೈದರೆ ಮುಂದಿನವರು ತರುವುದಿಲ್ಲ, ರಿಂಗ್ ರೋಡ್ ಪಕ್ಕ ಬಿಟ್ಟು ಹೋಗುತ್ತಾರೆ.

ಕಳಿಸುವ ಸಮಯವೂ ನೋಡಿ. ಗಣೇಶ ಹಬ್ಬ, ದೀಪಾವಳಿ ಹತ್ತಿರ ಬೇಡ. ಹೊಸ ಮನೆಗೆ ಹೋದ ನಾಯಿ ಪಟಾಕಿ ಸದ್ದಿಗೆ ಗೇಟು ಹಾರಿದರೆ ವಾಪಸ್ ಬರಲು ಅದಕ್ಕೆ ಮನೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಬೆಲ್ಟಿಗೆ ಫೋನ್ ನಂಬರ್ ಇರುವ ಬಿಲ್ಲೆ ಹಾಕಿಸಿ. ಮೊದಲ ಕೆಲವು ವಾರ ಎದೆಗೆ ಹಾಕುವ ಹಾರ್ನೆಸ್‌ಗೊಂದು, ಕತ್ತಿನ ಬೆಲ್ಟಿಗೊಂದು, ಎರಡು ಹಗ್ಗ ಕಟ್ಟಿ ಹೊರಗೆ ಕರೆದುಕೊಂಡು ಹೋಗಲಿ. ಹೋದ ದಿನವೇ ಸ್ನಾನ ಬೇಡ, ನಾಯಿ ನೋಡಲು ನೆಂಟರನ್ನು ಕರೆಯುವುದೂ ಬೇಡ. ಮಲಗಲು ಒಂದು ಮೂಲೆ, ಊಟಕ್ಕೆ ಒಂದು ಮೂಲೆ. ಖಾಲಿ ತಟ್ಟೆ ಎತ್ತುವುದು ಕೆಂಚ ಆ ಕೋಣೆಯಿಂದ ಆಚೆ ಬಂದಮೇಲೆ. ಈ ಒಂದು ನಿಯಮ ಅಡುಗೆಮನೆ ಬಾಗಿಲಿಗೆ ಬರೆದು ಅಂಟಿಸಿದರೂ ತಪ್ಪಿಲ್ಲ, ಯಾಕೆಂದರೆ ಮರೆಯುವುದು ಅದೇ.

ಸಕಲೇಶಪುರದವರಿಗೆ ಇವತ್ತೇ ಫೋನ್ ಮಾಡಿ ಇಲ್ಲ ಅಂತ ಹೇಳಿಬಿಡಿ, ಕಾಯಿಸಬೇಡಿ. ಕೆಂಚ ತಿನ್ನುವಾಗಿನ ಒಂದು ವಿಡಿಯೋ, ದೂರದಿಂದ, ತಟ್ಟೆ ಮತ್ತು ಬಾಲ ಎರಡೂ ಕಾಣುವ ಹಾಗೆ ತೆಗೆದು ಇಲ್ಲೇ ಹಾಕಿ. ಎಷ್ಟು ದೂರದಿಂದ ಶುರು ಮಾಡಬೇಕು ಅಂತ ನೋಡಿ ಹೇಳುತ್ತೇನೆ.